ಮೈದುನ ಫೋಲ್ಡರು ಅಳೆದದ್ದು

ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ನನ್ನ ಮುಖವನ್ನು ಯಾರೂ ಸರಿಯಾಗಿ ನೋಡಲಿಲ್ಲ. ಎಲ್ಲರೂ ನನ್ನ ಟ್ರಂಕನ್ನು ನೋಡುತ್ತಿದ್ದರು. ಅದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಳಗಿದ್ದವರು ಎಳೆಯುತ್ತಿದ್ದರು, ಹೊರಗಿದ್ದವರು ತಳ್ಳುತ್ತಿದ್ದರು, ನಾನು ಬೀದಿಯಲ್ಲಿ ನಿಂತಿದ್ದೆ. ಆಗ ಮೆಟ್ಟಿಲ ಮೇಲಿಂದ ಕಡ್ಡಿಯಂತಿದ್ದವನೊಬ್ಬ ಇಳಿದು ಬಂದ. ಕೊರಳಲ್ಲಿ ಅಳತೆಯ ಟೇಪು. ಟ್ರಂಕು ಅಳೆದ, ಬಾಗಿಲು ಅಳೆದ, ಎರಡನ್ನೂ ಇನ್ನೊಮ್ಮೆ ಅಳೆದ. ಆಮೇಲೆ ನನ್ನ ಕಡೆ ತಿರುಗಿ, “ಅತ್ತಿಗೆ, ನಿಮ್ಮ ಟ್ರಂಕು ಒಂದೂಕಾಲು ಇಂಚು ಜಾಸ್ತಿ” ಅಂದ. ಈ ಮನೆಯಲ್ಲಿ ನನ್ನ ಜೊತೆ ಒಬ್ಬರು ಆಡಿದ ಮೊದಲ ಮಾತು ಅದು.

ಅವನು ನನ್ನ ಮೈದುನ. ನಮ್ಮ ಯಜಮಾನರ ಒಬ್ಬನೇ ತಮ್ಮ. ಬೀದಿಯವರಿಗೆಲ್ಲ ಟೇಪು ಮಾಸ್ತರು. ಕೆಳಗೆ ಅವನ ಹೊಲಿಗೆ ಅಂಗಡಿ, ಮೇಲೆ ನಮ್ಮೆಲ್ಲರ ಮನೆ. ಆಗಿನಿಂದ ಈಗಿನವರೆಗೂ ಅವನ ಕೊರಳಿನಿಂದ ಆ ಟೇಪು ಇಳಿದದ್ದನ್ನು ನಾನು ಕಂಡಿಲ್ಲ. ಸ್ನಾನಕ್ಕೆ ಹೋಗುವಾಗ ತೆಗೆದಿಡುತ್ತಾನೆ ಎಂದು ಅವನ ಹೆಂಡತಿ ಹೇಳುತ್ತಾಳೆ. ಹೇಳುವಾಗ ಅವಳ ದನಿಯಲ್ಲಿ ಅಷ್ಟೇನೂ ನಂಬಿಕೆ ಇರುವುದಿಲ್ಲ.

ಅವಳನ್ನು ನೋಡಲು ಹೋದಾಗ ನಾನೂ ಜೊತೆಗಿದ್ದೆ. ದೊಡ್ಡವರೆಲ್ಲ ಮಾತಾಡಿ ಮುಗಿಸಿ, ನೀನೂ ಏನಾದರೂ ಕೇಳಪ್ಪ ಎಂದರು. ಇವನು ಅವಳನ್ನು ಒಂದು ಗಳಿಗೆ ನೋಡಿ, “ಭುಜ ಹದಿನಾಲ್ಕೂವರೆ” ಅಂದ. ಅವಳು ತಲೆ ತಗ್ಗಿಸಿಕೊಂಡೇ, “ಹದಿನಾಲ್ಕು” ಅಂದಳು. ಇವನು ಇಲ್ಲ ಅಂದ, ಅವಳು ಹೌದು ಅಂದಳು. ಟೇಪು ಹಿಡಿದು ನಾನೇ ಅಳೆದೆ. ಹದಿನಾಲ್ಕೂಕಾಲು ಬಂತು. ಇಬ್ಬರೂ ಸೋತರು, ಮದುವೆ ಆಯಿತು. ನನ್ನ ಓರಗಿತ್ತಿಯಾಗಿ ಬಂದ ಆ ಹುಡುಗಿ ಅಂದಿನಿಂದ ಇಂದಿನವರೆಗೂ ಅವನ ಯಾವ ಮಾತನ್ನೂ ಅಳೆಯದೆ ಒಪ್ಪಿಕೊಂಡವಳಲ್ಲ.

ಅಳೆಯುವುದು ಅವನಿಗೆ ಕಸುಬಲ್ಲ, ಚಟ. ಆಸ್ಪತ್ರೆಯಲ್ಲಿ ಮಲಗಿದ್ದ ನೆಂಟರನ್ನು ನೋಡಲು ಹೋದರೆ, ಹೇಗಿದ್ದೀರಿ ಎನ್ನುವ ಮೊದಲು ಹೊದಿಕೆ ಗಿಡ್ಡವಾಯಿತು ಎನ್ನುತ್ತಾನೆ. ಒಮ್ಮೆ ಜ್ವರ ಬಂದು ವಾರದಷ್ಟು ಮನೆಯಲ್ಲಿ ಕೂತಿದ್ದ. ಆಗ ಅಡುಗೆಮನೆಯ ಪಾತ್ರೆಗಳನ್ನೂ ಮುಚ್ಚಳಗಳನ್ನೂ ಅಳೆದು, ಈ ಮನೆಯಲ್ಲಿ ಒಂದು ಮುಚ್ಚಳವೂ ಅದರ ಪಾತ್ರೆಗೆ ಸೇರಿದ್ದಲ್ಲ ಎಂದು ಕಂಡುಹಿಡಿದ. ಅಲ್ಲಿಯವರೆಗೆ ನಾವು ಸುಖವಾಗಿ ಅಡುಗೆ ಮಾಡಿಕೊಂಡಿದ್ದೆವು. ಅವತ್ತಿನಿಂದ ಯಾವ ಮುಚ್ಚಳ ಇಟ್ಟರೂ ಅದು ಅಲುಗಾಡಿದ ಹಾಗೆ ಅನಿಸತೊಡಗಿತು. ಅವನಿಗೆ ಜ್ವರ ಬಿಟ್ಟ ದಿನ ಓರಗಿತ್ತಿ ನನ್ನ ಕೈ ಹಿಡಿದು, “ಅಕ್ಕ, ಇವರು ಏನೇ ಆದ್ರೂ ಅಂಗಡಿಯಲ್ಲೇ ಇರ್ಬೇಕು. ಮನೆಗೆ ಬಂದು ಕೂತ್ರೆ ನಾನು ಉಳಿಯಲ್ಲ” ಎಂದಿದ್ದಳು. ಈ ಕಥೆಗೆಲ್ಲ ಬೇರು ಅದೇ ಮಾತು.

ಏಕೆಂದರೆ ಅವನ ಕಣ್ಣು ಮಂಜಾಗುತ್ತಾ ಬಂತು. ಹೊಲಿಗೆ ಹೇಗೋ ನಡೆಯುತ್ತಿತ್ತು. ಆದರೆ ಅವನ ಹೆಸರಿದ್ದದ್ದು ಕೈ ಕಸೂತಿಗೆ. ಸಮವಸ್ತ್ರದ ಜೇಬಿನ ಮೇಲೆ ಲಾಂಛನ ಹಾಕಿಸಿಕೊಳ್ಳಲು ದೂರದಿಂದೆಲ್ಲ ಬರುತ್ತಿದ್ದರು. ಒಂದು ಶಾಲೆಯವರಿಗೆ ಸಿಂಹದ ಮುಖ ಹಾಕಿಕೊಟ್ಟ. ಶಾಲೆಯವರು ಅದನ್ನು ಕೈಯಲ್ಲಿ ಹಿಡಿದು, ಸ್ವಲ್ಪ ದೂರ ಹಿಡಿದು, ತಲೆಕೆಳಗು ಮಾಡಿ ನೋಡಿ, ಹೂಕೋಸು ಯಾಕೆ ಹಾಕಿದ್ದೀರಿ ಎಂದು ಕೇಳಿದರು. ಅಂದು ಅವನು ಊಟ ಮಾಡಲಿಲ್ಲ.

ಆಮೇಲೆ ಎಲ್ಲಿಂದಲೋ ಹಳೆಯ ಎಂಬ್ರಾಯ್ಡರಿ ಮಶೀನೊಂದನ್ನು ತಂದ. ಅದಕ್ಕೆ ಜೋಡಿಯಾಗಿ ಅಷ್ಟೇ ಹಳೆಯದೊಂದು ಕಂಪ್ಯೂಟರು. ಚಿತ್ರವನ್ನು ಕಂಪ್ಯೂಟರಿಗೆ ಹಾಕಿದರೆ ಮಶೀನು ತಾನೇ ಹೊಲಿಯುತ್ತದೆ. ಕಣ್ಣು ಬೇಡ, ದಾರ ಬದಲಿಸಿದರೆ ಸಾಕು. ಸಿಂಹ ಮತ್ತೆ ಸಿಂಹವಾಯಿತು. ಓರಗಿತ್ತಿ ಮಾತ್ರ ಮೊದಲ ದಿನವೇ ಹೇಳಿಬಿಟ್ಟಳು: ಇದು ಕೊನೆಯ ಪ್ರಯತ್ನ, ಇದೂ ಕೈಕೊಟ್ಟರೆ ಅಂಗಡಿ ಬಾಗಿಲು ಎಳೆಯುವುದೇ, ಆಮೇಲೆ ತಾನು ಅಕ್ಕನ ಮನೆಗೋ ತಂಗಿಯ ಮನೆಗೋ ಹೋಗುವುದೇ. ಅಂಗಡಿ ಮುಚ್ಚಿದರೆ ಮುಚ್ಚಳಗಳ ಕಾಲ ಮತ್ತೆ ಬರುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮ ಯಜಮಾನರು ಆಗ ಇದ್ದರು. ಅವರು ನೀರು ಸರಬರಾಜಿನಲ್ಲಿ ಪಂಪು ನೋಡಿಕೊಳ್ಳುತ್ತಿದ್ದವರು. ನಿವೃತ್ತಿಯಾದ ಮೇಲೆ ಮಧ್ಯಾಹ್ನ ಊಟ ಮುಗಿಸಿ ತಮ್ಮನ ಅಂಗಡಿಗೆ ಇಳಿದು, ಗೋಡೆ ಬದಿಯ ಬೆಂಚಿನ ಮೇಲೆ ಮಲಗುತ್ತಿದ್ದರು. ಮಲಗಿದ ಕೂಡಲೇ ಗೊರಕೆ. ಆ ಗೊರಕೆಯನ್ನು ನಾನು ಏನೆಂದು ಹೇಳಲಿ. ಪಂಪು ಮೊದಲು ಗಾಳಿ ಎಳೆಯುತ್ತದಲ್ಲ, ಆಮೇಲೆ ನೀರು ಸಿಕ್ಕಿ ಗಡಗಡ ಎನ್ನುತ್ತದಲ್ಲ, ಕೊನೆಗೆ ಒಂದು ಸೀಟಿ ಹೊಡೆದು ಸುಮ್ಮನಾಗುತ್ತದಲ್ಲ, ಅದೆಲ್ಲ ಕ್ರಮವಾಗಿ ಆಗುತ್ತಿತ್ತು. ಸುಮ್ಮನಾದಾಗ ಸತ್ತೇ ಹೋದರೇನೋ ಎಂದು ನಾನು ಎಷ್ಟು ವರ್ಷ ಕಿವಿ ಕೊಟ್ಟು ಮಲಗಿದ್ದೆನೋ. ಆದರೆ ತಾನು ಗೊರಕೆ ಹೊಡೆಯುವುದಿಲ್ಲ ಎಂದು ಅವರ ವಾದ. ನೀನು ಕೇಳಿದ್ದು ನಿನ್ನ ಮಶೀನಿನ ಮೋಟಾರು ಎಂದು ತಮ್ಮನಿಗೆ, ಬೀದಿಯ ಲಾರಿ ಎಂದು ನನಗೆ ಹೇಳುತ್ತಿದ್ದರು. ಒಂದು ದಿನ ಸಾಬೀತು ಮಾಡಿ ತೋರಿಸುತ್ತೇನೆ ಎಂದು ಮೈದುನ ಹೇಳುತ್ತಲೇ ಇದ್ದ. ಅವರು ಹೋದರು. ಆ ಜಗಳ ತೀರ್ಮಾನವಾಗದೆ ಉಳಿಯಿತು.

ಅವರು ಹೋದ ಮೇಲಿನ ವರ್ಷ ಫೈರ್ ಸ್ಟೇಷನ್ನಿನ ಬ್ಯಾಂಡಿನವರು ಬಂದರು. ಬ್ಯಾಂಡಿಗೆಲ್ಲ ಹೊಸ ಕೋಟು, ಪ್ರತಿ ಜೇಬಿನ ಮೇಲೆ ಕಹಳೆಯೂ ಬೆಂಕಿಯ ಜ್ವಾಲೆಯೂ ಇರುವ ಲಾಂಛನ. ಶನಿವಾರ ಮೆರವಣಿಗೆ. ಅಷ್ಟು ದೊಡ್ಡ ಕೆಲಸ ಆ ಅಂಗಡಿಗೆ ಎಂದೂ ಬಂದಿರಲಿಲ್ಲ. ಕೋಟುಗಳ ಹೊಲಿಗೆ ಮುಗಿಯಿತು. ಕಹಳೆ ಊದುವ ದಪ್ಪನೆಯವರ ಸೊಂಟ ಅಳೆಯುವಾಗ ಟೇಪು ಸಾಲದೆ ಇನ್ನೊಂದು ಟೇಪನ್ನು ಗಂಟು ಹಾಕಬೇಕಾಯಿತು. ಅದನ್ನೂ ಮೈದುನ ಅವರ ಮನಸ್ಸು ನೋಯದಂತೆ, “ನನ್ನ ಟೇಪು ಸ್ವಲ್ಪ ಕುಗ್ಗಿದೆ ಸಾರ್” ಎಂದು ನಿಭಾಯಿಸಿದ್ದ. ಉಳಿದದ್ದು ಜೇಬಿನ ಲಾಂಛನ ಮಾತ್ರ. ಬ್ಯಾಂಡ್ ಮಾಸ್ತರು ಚಿತ್ರ ಕಳಿಸಿದರು. ಕಂಪ್ಯೂಟರು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಜಾಗ ಇಲ್ಲ ಎಂದು ಬರೆದು ತೋರಿಸಿತು.

ಮೈದುನ ಮಾಡಿದ ಮೊದಲ ಕೆಲಸವೆಂದರೆ ಸ್ಕ್ರೂ ಬಿಚ್ಚಿ ಪೆಟ್ಟಿಗೆಯ ಪಕ್ಕದ ತಗಡು ತೆಗೆದದ್ದು. ಒಳಗೆ ಇಣುಕಿದ, ಕೈ ಹಾಕಿದ, ಟೇಪು ಬಿಟ್ಟ. ಆಮೇಲೆ ನನ್ನನ್ನೂ ಕರೆದು ತೋರಿಸಿದ. ಮುಕ್ಕಾಲು ಪೆಟ್ಟಿಗೆ ಖಾಲಿ. ಒಂದು ಊಟದ ಡಬ್ಬಿ ಆರಾಮಾಗಿ ಇಡಬಹುದಿತ್ತು. ಜಾಗ ಇಲ್ಲ ಎನ್ನುವುದು ಶುದ್ಧ ಸುಳ್ಳು ಎಂದು ಅವನೂ ಹೇಳಿದ, ನನಗೂ ಹಾಗೆಯೇ ಕಂಡಿತು.

ಪಕ್ಕದ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹೆಂಗಸೊಬ್ಬಳಿದ್ದಾಳೆ. ಅವಳನ್ನೂ ಎಲ್ಲರೂ ಜೆರಾಕ್ಸ್ ಎಂದೇ ಕರೆಯುತ್ತಾರೆ. ಅವಳಿಗೆ ಫೋನು ಮಾಡಿದ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವಳು ಅವಸರದಲ್ಲಿ, ಮಾಸ್ತರೇ, ಯಾವ ಫೋಲ್ಡರು ದೊಡ್ಡದಾಗಿದೆ ನೋಡಿ, ಫೋಲ್ಡರಿನ ಸೈಜು ಹೇಳಿ ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಹೊಲಿಗೆಯವರಿಗೆ ಫೋಲ್ಡರು ಎಂದರೆ ಬೇರೆ. ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿಕೊಡುವ ಬಸವನಹುಳದ ಹಾಗಿರುವ ಸಣ್ಣ ಉಕ್ಕಿನ ತುಂಡು ಅದು, ಮಶೀನಿಗೆ ಸಿಕ್ಕಿಸುವುದು. ಮೈದುನನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಫೋಲ್ಡರುಗಳಿವೆ. ಅವನು ಸಂತೋಷದಿಂದ ಡಬ್ಬಿ ತೆಗೆದ. ಅಳತೆ ಕೇಳುವವರು ಸಿಕ್ಕರೆ ಅವನಿಗೆ ಅದೇ ಹಬ್ಬ.

“ಕಾಲಿಂಚಿಂದು ಒಂದು, ಅರ್ಧ ಇಂಚಿಂದು ಎರಡು, ಮುಕ್ಕಾಲಿಂದು ಒಂದು ಇದೆ ಕಣಮ್ಮ. ಮುಕ್ಕಾಲಿಂದು ತುಕ್ಕು ಹಿಡಿದಿದೆ.”

ಆ ಕಡೆ ಅವಳಿಗೆ ಏನು ಕೇಳಿಸಿತೋ. “ದೊಡ್ಡದು ಬೇಕಾ ನಿಮಗೆ?” ಎಂದು ಕೇಳಿದಳು.

“ಅಪರೂಪಕ್ಕೆ ಬೇಕಾಗುತ್ತೆ.”

“ಬೇಡ ಅಂದ್ರೆ ಎಸೆದುಬಿಡಿ. ಜಾಗ ಆಗುತ್ತೆ.”

ಅವನು ಕಿಟಕಿಯಿಂದ ಎಸೆದ. ಟಿಣ್ ಎಂದು ಎಲ್ಲೋ ಬಿದ್ದ ಸದ್ದು ನನಗೂ ಕೇಳಿಸಿತು. ಕಂಪ್ಯೂಟರಿನ ಮುಂದೆ ಕೂತು ಮತ್ತೆ ಪ್ರಯತ್ನಿಸಿ, ಫೋನು ಎತ್ತಿಕೊಂಡು, “ಎಸೆದೆ ಕಣಮ್ಮ. ಇನ್ನೂ ಜಾಗ ಇಲ್ಲ ಅಂತಿದೆ. ಅರ್ಧ ಇಂಚಿಂದೂ ಎಸೀಲಾ?” ಅಂದ.

ಅರ್ಧ ಇಂಚು ಎಂಬ ಮಾತು ಕೇಳಿ ಜೆರಾಕ್ಸ್ ಅಂಗಡಿಗೆ ಬೀಗ ಹಾಕಿಕೊಂಡು ಬಂದಳು.

ಬಂದವಳು ನಗುವುದು ಮುಗಿಯುವವರೆಗೆ ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ ತಿಳಿಸಿ ಹೇಳಿದಳು. ಕಂಪ್ಯೂಟರಿನೊಳಗೆ ಹಳದಿ ಬಣ್ಣದ ಚೀಲಗಳ ಹಾಗೆ ಕಾಣುತ್ತವಲ್ಲ, ಅವೇ ಫೋಲ್ಡರುಗಳು; ಅದರೊಳಗೆ ಚಿತ್ರ, ಹಾಡು ಏನೇನೋ ತುಂಬಿಟ್ಟಿರುತ್ತೀರಿ; ಯಾವುದೋ ಒಂದು ಚೀಲ ಊದಿಕೊಂಡು ಜಾಗವನ್ನೆಲ್ಲ ತಿಂದಿದೆ. ಹಾಗಾದರೆ ಯಾವುದು ಎಂದು ಮೈದುನ ಕೇಳಿದ. ಅದೇ ತೊಂದರೆ ಎಂದಳು. ಒಂದೊಂದು ಚಿತ್ರದ ಮುಂದೆ ಅದರ ಸೈಜು ಎಷ್ಟೆಂದು ಬರೆದು ತೋರಿಸುವ ಕಂಪ್ಯೂಟರು, ಚೀಲದ ಮುಂದೆ ಮಾತ್ರ ಏನೂ ಬರೆಯದೆ ಖಾಲಿ ಬಿಟ್ಟಿತ್ತು.

ನನ್ನ ಮೈದುನ ಕೋಪಗೊಂಡದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ನೋಡಿದೆ. “ಗುಂಡಿ ಸೈಜು ಹೇಳ್ತಾನೆ, ಅಂಗಿ ಸೈಜು ಕೇಳಿದ್ರೆ ಬಾಯಿ ಬಿಡಲ್ಲ ಅಂದ್ರೆ ಇವನು ಎಂಥ ಮಾಸ್ತರು?” ಎಂದು ಟೇಪನ್ನು ಎರಡು ಕೈಯಲ್ಲಿ ಎಳೆದು ಹಿಡಿದು ನಿಂತ.

ಒಂದೊಂದರ ಮೇಲೂ ಒತ್ತಿ ಒತ್ತಿ ಕೇಳಿದರೆ ಹೇಳುತ್ತದೆ, ಆದರೆ ಸಂಜೆಯಾಗುತ್ತದೆ ಎಂದಳು ಜೆರಾಕ್ಸ್. ಅದಕ್ಕೆಂದೇ ಇಂಟರ್ನೆಟ್ಟಿನಲ್ಲಿ ಸಣ್ಣ ಸಣ್ಣ ಸಾಮಾನು ಸಿಗುತ್ತವಂತೆ. ಯಾರೋ ಪುಣ್ಯಾತ್ಮರು ಮಾಡಿ ಇಟ್ಟಿರುತ್ತಾರೆ, ಇಳಿಸಿಕೊಂಡು ಸಿಕ್ಕಿಸಿದರೆ ಎಲ್ಲ ಫೋಲ್ಡರಿನ ಮುಂದೆಯೂ ಸೈಜು ಬರುತ್ತದೆ. ಪುಕ್ಕಟೆ. ಮಶೀನಿಗೆ ಗುಂಡಿಯ ಕಾಜಾ ಹೊಲಿಯುವ ಅಟ್ಯಾಚ್‌ಮೆಂಟು ಹಾಕಿದ ಹಾಗೆ ಎಂದು ಮೈದುನ ಅರ್ಥ ಮಾಡಿಕೊಂಡ. ಓರಗಿತ್ತಿಗೆ ಪುಕ್ಕಟೆ ಎಂಬ ಮಾತು ಹಿಡಿಸಲಿಲ್ಲ. ಅಳತೆ ಮಾಡಿ ಕೊಡುವವನು ಪುಕ್ಕಟೆ ಯಾಕೆ ಮಾಡಿ ಕೊಡುತ್ತಾನೆ, ನಮ್ಮ ಮನೆಯಲ್ಲಿ ಒಬ್ಬರಿದ್ದಾರಲ್ಲ ಸಾಲದೇ ಎಂದು ಬಾಗಿಲಲ್ಲಿ ನಿಂತು ಕೇಳಿದಳು.

ಅವಳ ಸಂಶಯ ಮೊದಲ ಸಲ ನಿಜವೇ ಆಯಿತು. ಮೈದುನ ತಾನೇ ಮಾಡುತ್ತೇನೆಂದು ಹಟ ಹಿಡಿದು, ಎಲ್ಲಕ್ಕಿಂತ ದೊಡ್ಡ ಹಸಿರು ಗುಂಡಿ ಎಲ್ಲಿತ್ತೋ ಅದನ್ನೇ ಒತ್ತಿದ. ಸೈಜು ತೋರಿಸುವುದರ ಬದಲು ಪರದೆಯ ಮೇಲೆ ಒಬ್ಬಳು ಹುಡುಗಿ ಬಂದು ಅಭಿನಂದನೆ ಹೇಳಿದಳು. ಅವಳನ್ನು ಮುಚ್ಚಿದರೆ ಇನ್ನೊಬ್ಬಳು ಬಂದು ನಿಮ್ಮ ಕಂಪ್ಯೂಟರಿಗೆ ಕಾಯಿಲೆ ಎಂದಳು. ಮೈದುನ ಎರಡನೆಯವಳಿಗೆ, ಅದು ನನಗೂ ಗೊತ್ತಮ್ಮ ಎಂದು ಬಾಯಲ್ಲೇ ಉತ್ತರ ಕೊಟ್ಟ. ಅವರನ್ನೆಲ್ಲ ಹೊರಗೆ ಕಳಿಸುವಷ್ಟರಲ್ಲಿ ಜೆರಾಕ್ಸಿಗೆ ಬೆವರು ಇಳಿಯಿತು. ದೊಡ್ಡ ಹಸಿರು ಗುಂಡಿ ಜಾಹೀರಾತಿನವರದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದೇ ನಿಜವಾದದ್ದು ಎಂದು ಅವಳು ಹೇಳಿದ್ದನ್ನು ನಾನು ಮರೆತಿಲ್ಲ.

ಅವಳು ತಂದು ಸಿಕ್ಕಿಸಿದ್ದು ಬಹಳ ಸಾಧು ಸಾಮಾನು. ಬೇರೆ ಅಂಗಿ ಹೊಲಿಯದೆ ಇದ್ದ ಅಂಗಿಗೇ ಒಂದು ಜೇಬು ಸೇರಿಸಿದ ಹಾಗೆ, ಪರದೆಯ ಮೇಲೆ ಇದ್ದ ಕಿಟಕಿಯಲ್ಲೇ ಒಂದು ಸಾಲು ಜಾಸ್ತಿಯಾಯಿತು ಅಷ್ಟೆ. ಸ್ವಲ್ಪ ಹೊತ್ತು ಎಣಿಸಿಕೊಂಡು, ಒಂದೊಂದು ಫೋಲ್ಡರಿನ ಮುಂದೆಯೂ ಅದರ ಅಳತೆ ಮೂಡತೊಡಗಿತು. ಮೈದುನನ ಮುಖ ನೋಡಬೇಕಿತ್ತು. ಮೊಮ್ಮಕ್ಕಳು ಮೊದಲ ಸಲ ನಡೆದಾಗಲೂ ಅವನು ಹಾಗೆ ನಕ್ಕಿರಲಿಲ್ಲ. ಎಲ್ಲವನ್ನೂ ಗಟ್ಟಿಯಾಗಿ ಓದಿದ. ಹಾದಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನು ಕರೆದು ಓದಿ ಹೇಳಿದ. ಜಿಬಿ ಎಂದರೆ ಎಷ್ಟು ಇಂಚು ಎಂದು ಜೆರಾಕ್ಸನ್ನು ಕೇಳಿದ. ಅದು ಇಂಚಲ್ಲ ಎಂದಳು. ಹಾಗಾದರೆ ಮೀಟರೇ ಎಂದ. ಅವಳು ಸೋತು, ಮೀಟರೇ ಅಂತ ಇಟ್ಟುಕೊಳ್ಳಿ ಎಂದಳು.

ಆದರೆ ಅವನ ಸಂತೋಷ ಸಾಲಿನ ಕೆಳಕ್ಕೆ ಹೋದ ಹಾಗೆ ಕಡಿಮೆಯಾಯಿತು. ಸಿಂಹ, ಹೂವು, ನಕ್ಷತ್ರ ಎಲ್ಲ ಸೇರಿ ಕಾಲು ಜಿಬಿಯೂ ಇರಲಿಲ್ಲ. ಇಷ್ಟು ದೊಡ್ಡ ಸಿಂಹ ಇಷ್ಟೇನಾ ಎಂದು ಬೇಜಾರು ಮಾಡಿಕೊಂಡ. ಕೊನೆಯಲ್ಲಿ ಒಂದಿತ್ತು. ಹೆಸರು ನ್ಯೂ ಫೋಲ್ಡರ್. ಜೆರಾಕ್ಸ್ ಇನ್ನೊಂದು ಪುಕ್ಕಟೆ ಸಾಮಾನು ತೆರೆದಳು; ಅದು ಅಳತೆಯನ್ನು ಬಣ್ಣದ ಚೌಕಗಳಲ್ಲಿ ತೋರಿಸುವಂಥದ್ದು. ಪರದೆಯೆಲ್ಲ ತುಂಡು ಬಟ್ಟೆ ಸೇರಿಸಿ ಹೊಲಿದ ಹೊದಿಕೆಯ ಹಾಗಾಯಿತು. ಮೂಲೆಯಲ್ಲಿ ಚಿಂದಿ ಚಿಂದಿ ತುಂಡುಗಳು. ಮಿಕ್ಕಿದ್ದೆಲ್ಲ ಒಂದೇ ನೀಲಿ ಚೌಕ. ಆ ನೀಲಿಯೇ ನ್ಯೂ ಫೋಲ್ಡರ್.

ಜೆರಾಕ್ಸ್, ಇದನ್ನು ಅಳಿಸಿಬಿಟ್ಟರೆ ಬ್ಯಾಂಡಲ್ಲ, ಇಡೀ ಸೈನ್ಯದ ಕೋಟಿಗೆ ಜಾಗವಾಗುತ್ತದೆ ಎಂದು ಕೈ ಮುಂದೆ ಚಾಚಿದಳು. ಮೈದುನ ಆ ಕೈಯನ್ನು ಹಿಡಿದುಕೊಂಡ. “ಅದು ಬೇಡ” ಅಂದ.

ಏನಿದೆ ಅದರಲ್ಲಿ ಎಂದರೆ ಹೇಳಲೊಲ್ಲ. ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಾನೆ. ಓರಗಿತ್ತಿ ಬಾಗಿಲಿನಿಂದ ಒಳಗೆ ಬಂದಳು. ಗಂಡಸರು ಕಂಪ್ಯೂಟರಿನಲ್ಲಿ ಏನು ಬಚ್ಚಿಡುತ್ತಾರೆಂದು ತಾನೂ ಕೇಳಿ ಬಲ್ಲೆ, ಈ ವಯಸ್ಸಿನಲ್ಲಿ ನಾಚಿಕೆಯಾಗಬೇಕು, ಅಕ್ಕನ ಎದುರಿಗೇ ತೆಗೆಯಲಿ, ನೋಡಿಯೇಬಿಡೋಣ ಎಂದಳು. ನಾನು ಮೇಲೆ ಹೋಗುತ್ತೇನೆಂದು ಎದ್ದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿದಳು.

ತೆಗೆದರೆ ಅದರೊಳಗೆ ಇನ್ನೊಂದು ನ್ಯೂ ಫೋಲ್ಡರ್. ಅದರೊಳಗೆ ಮತ್ತೊಂದು. ಗಂಟಿನೊಳಗೆ ಗಂಟು, ಅದರೊಳಗೆ ಇನ್ನೊಂದು ಗಂಟು. ಎಷ್ಟು ಗಟ್ಟಿಯಾಗಿ ಬಚ್ಚಿಟ್ಟಿದ್ದಾರೆ ನೋಡಿ ಎಂದು ಓರಗಿತ್ತಿಯ ಉಸಿರು ಏರುತ್ತಾ ಹೋಯಿತು. ಕೊನೆಗೆ ಸಾಲಾಗಿ ಏನೋ ಕಂಡವು. ಚಿತ್ರವಲ್ಲ, ಧ್ವನಿ ಎಂದಳು ಜೆರಾಕ್ಸ್. ಒಂದನ್ನು ಒತ್ತಿದಳು.

ಮೊದಲು ಗಾಳಿ ಎಳೆಯಿತು. ಆಮೇಲೆ ಗಡಗಡ ಎಂದಿತು. ಕೊನೆಗೆ ಸೀಟಿ.

ನನಗೆ ಮೊದಲ ಉಸಿರಿಗೇ ಗೊತ್ತಾಯಿತು. ಓರಗಿತ್ತಿಗೂ ಗೊತ್ತಾಯಿತು, ನನ್ನ ಸೆರಗು ಬಿಟ್ಟಳು. ಜೆರಾಕ್ಸಿಗೆ ಮಾತ್ರ ಗೊತ್ತಾಗಲಿಲ್ಲ, ಪಾಪ. ಸ್ವಲ್ಪ ಹೊತ್ತು ತಲೆ ವಾರೆ ಮಾಡಿ ಕೇಳಿ, “ಇದು ಯಾವ ಮೋಟಾರು ಮಾಸ್ತರೇ?” ಎಂದಳು.

ಅಷ್ಟೇ ಸಾಕಾಯಿತು ನನಗೆ. ಅವರು ಹೋದ ಮೇಲೆ ನಾನು ಅಷ್ಟು ನಕ್ಕಿರಲಿಲ್ಲ. ಅವರು ಗೆದ್ದರು ಎಂದು ಹೇಳಬೇಕೆಂದುಕೊಂಡರೆ ಮಾತು ಬರುತ್ತಿಲ್ಲ, ಹೊಟ್ಟೆ ಹಿಡಿದುಕೊಂಡು ಬೆಂಚಿಗೆ ಒರಗಿದೆ. ಅದೇ ಬೆಂಚು.

ಆಮೇಲೆ ಮೈದುನ ಎಲ್ಲ ಹೇಳಿದ. ಸಾಬೀತು ಮಾಡಬೇಕೆಂದು ಕಂಪ್ಯೂಟರಿನ ಮೈಕನ್ನು ಬಟ್ಟೆಯ ಥಾನುಗಳ ನಡುವೆ ಅಡಗಿಸಿ ಇಟ್ಟಿದ್ದನಂತೆ. ಬರೀ ಗೊರಕೆಯ ಹೊತ್ತು ಹಿಡಿಯಲು ಬಾರದೆ, ಮಧ್ಯಾಹ್ನ ಶುರು ಮಾಡಿದ್ದನ್ನು ಅಂಗಡಿ ಮುಚ್ಚುವಾಗ ನಿಲ್ಲಿಸುತ್ತಿದ್ದನಂತೆ. ಹೊಲಿಗೆಯವರು ಒಳ್ಳೆಯ ಅಳತೆಯ ಕಾಗದಕ್ಕೆ ಇನ್ನೊಂದು ಪ್ರತಿ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಹಾಗೆ ಇದಕ್ಕೂ ಪ್ರತಿ ಮಾಡಿ, ಪ್ರತಿಗೂ ಪ್ರತಿ ಮಾಡಿ ಒಂದರೊಳಗೊಂದು ಇಟ್ಟಿದ್ದ. ಅಣ್ಣ ಹೋದ ಮೇಲೆ ತೆರೆದು ಕೇಳಲು ಧೈರ್ಯವಾಗಲಿಲ್ಲ, ನನಗೆ ಹೇಳಲೂ ಆಗಲಿಲ್ಲ.

“ಅತ್ತಿಗೆ, ಬ್ಯಾಂಡು ಹೋದ್ರೆ ಹೋಗ್ಲಿ” ಅಂದ. “ಎದುರಿನ ಹೊಲಿಗೆ ಅಂಗಡಿಯವನೇ ಹಾಕಿಕೊಡ್ಲಿ ಜೇಬು. ನಾನು ಇದನ್ನ ಅಳಿಸಲ್ಲ.”

ಓರಗಿತ್ತಿಯ ಕಡೆ ನೋಡಿದೆ. ಅಂಗಡಿ ಮುಚ್ಚಿದರೆ ತನ್ನ ಗತಿ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಅವಳು ಹೋಗಿ ಗಂಡನ ಪಕ್ಕದಲ್ಲಿ ನಿಂತಳು. ಜಗಳದ ನಡುವೆ ಅವಳು ಅವನ ಪಕ್ಕಕ್ಕೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪ್ರತಿಗಳನ್ನೆಲ್ಲ ಅಳಿಸಿ ಒಂದನ್ನೇ ಇಟ್ಟುಕೊಂಡರೆ ಎಂದು ಜೆರಾಕ್ಸ್ ಲೆಕ್ಕ ನೋಡಿದಳು. ಆ ಒಂದು ಪ್ರತಿಯೇ ಎಷ್ಟೋ ಮಧ್ಯಾಹ್ನಗಳಷ್ಟು ಉದ್ದವಿದ್ದುದರಿಂದ ಸಾಲುವಷ್ಟು ಜಾಗ ಬರಲಿಲ್ಲ. ಹೊಸ ಡಿಸ್ಕು ತರಿಸಬಹುದು, ಆದರೆ ಅದು ಬರುವುದು ಮೆರವಣಿಗೆ ಮುಗಿದ ಮೇಲೆ ಎಂದಳು.

ಅಷ್ಟು ಹೊತ್ತೂ ದನಿ ನಿಲ್ಲಿಸದೆ ಇದ್ದವರು ನಮ್ಮ ಯಜಮಾನರೊಬ್ಬರೇ. ಅವರು ಗೊರಕೆ ಹೊಡೆಯುತ್ತಲೇ ಇದ್ದರು. ಯಾರೂ ನಿಲ್ಲಿಸಿರಲಿಲ್ಲ.

ನಾನು ಹೇಳಿದೆ, “ನೋಡಪ್ಪ, ನಾನು ಪೂರ್ತಿ ಥಾನು ಕೇಳಿದವಳು. ನನಗೆ ಸ್ಯಾಂಪಲ್ ತುಂಡು ಸಾಕು. ಕತ್ತರಿ ಹಾಕು.”

ಅವನು ನನ್ನ ಮುಖ ನೋಡಿದ. ಹೊಲಿಗೆಯವನಿಗೆ ಹೊಲಿಗೆಯ ಮಾತಿನಲ್ಲೇ ಹೇಳಬೇಕು, ಆಗ ಮನಸ್ಸಿಗೆ ಇಳಿಯುತ್ತದೆ. ಮೂಗು ಒರೆಸಿಕೊಂಡು, ಯಾವ ಕಡೆಯಿಂದ ಕತ್ತರಿಸಲಿ ಎಂದು ಕೇಳಿದ.

ಒಳ್ಳೆಯ ತುಂಡು ಹುಡುಕಲು ಎಲ್ಲರೂ ಕೂತೆವು. ಮೈದುನನದು ಒಂದು ಆಯ್ಕೆ, ಓರಗಿತ್ತಿಯದು ಇನ್ನೊಂದು. ಒಂದರಲ್ಲಿ ಸೀಟಿ ಉದ್ದ, ಆದರೆ ಹಿಂದೆ ತರಕಾರಿಯವನ ಕೂಗು. ಒಂದರಲ್ಲಿ ಗಡಗಡ ಚೆನ್ನಾಗಿದೆ, ನಡುವೆ ಕೆಮ್ಮು. ಓರಗಿತ್ತಿ ಅಂಗಡಿಯಲ್ಲಿ ಬಟ್ಟೆ ಆರಿಸುವ ಹಾಗೆಯೇ, ಇದಕ್ಕಿಂತ ಸ್ವಲ್ಪ ತೆಳು ಬೇಕಿತ್ತು, ಬೇರೆ ತೋರಿಸಿ ಎನ್ನುತ್ತಿದ್ದಳು. ಕೊನೆಗೆ ಒಂದು ಸಿಕ್ಕಿತು. ಮೂರು ಗೊರಕೆ ನೇರವಾಗಿ, ಚೊಕ್ಕವಾಗಿ ಹೊಡೆದು, ಏನೋ ಬಿದ್ದ ಸದ್ದಿಗೆ ಎಚ್ಚರವಾಗಿ, ಅವರ ದನಿ ಸ್ಪಷ್ಟವಾಗಿ ಹೇಳುತ್ತದೆ: “ಏನೋ ಅದು? ನಾನೇನು ನಿದ್ದೆ ಮಾಡಿರ್ಲಿಲ್ಲ. ಕಣ್ಣು ಮುಚ್ಚಿದ್ದೆ ಅಷ್ಟೆ.”

ಅದನ್ನೇ ಕತ್ತರಿಸಿ ಇಟ್ಟುಕೊಂಡೆವು.

ಉಳಿದದ್ದನ್ನು ಜೆರಾಕ್ಸ್ ಅಳಿಸಿದಳು. ಆದರೂ ಕಂಪ್ಯೂಟರು ಜಾಗ ಇಲ್ಲವೆಂದೇ ಹೇಳಿತು. ಅಳಿಸಿದ್ದೆಲ್ಲ ಅದರ ಕಸದ ಬುಟ್ಟಿಯಲ್ಲಿ ಕೂತಿತ್ತಂತೆ. ಕಸವನ್ನು ಮನೆಯೊಳಗೇ ಇಟ್ಟುಕೊಂಡರೆ ಜಾಗ ಎಲ್ಲಿಂದ ಬರಬೇಕು ಎಂದು ಓರಗಿತ್ತಿ ಕೇಳಿದಳು. ಬುಟ್ಟಿ ಖಾಲಿಯಾಯಿತು. ಪರದೆಯ ಮೇಲಿನ ಆ ದೊಡ್ಡ ನೀಲಿ ಚೌಕ ಮಾಯವಾಗಿ, ಮೂಲೆಯಲ್ಲಿದ್ದ ಚಿಂದಿಗಳೆಲ್ಲ ಅಗಲವಾಗಿ ಕಾಲು ಚಾಚಿಕೊಂಡವು. ಸಿಂಹವಂತೂ ಅಂಗೈಯಷ್ಟಾಯಿತು. ಕಹಳೆಯೂ ಜ್ವಾಲೆಯೂ ಒಳಗೆ ಬಂದು ಕೂತವು, ಮಶೀನು ಓಡತೊಡಗಿತು.

ನಡುವೆ ಒಂದು ವಿಘ್ನ ಬಂತು. ಬ್ಯಾಂಡಿನವರು ತಮ್ಮ ಹಳೆಯ ಪ್ಯಾಂಟುಗಳ ಪಕ್ಕಕ್ಕೆ ಕೆಂಪು ಪಟ್ಟಿಯೂ ಬೇಕೆಂದು ಕೊನೆಗಳಿಗೆಯಲ್ಲಿ ಹೇಳಿಕಳಿಸಿದರು; ಅದನ್ನು ಕೂರಿಸಲು ಮುಕ್ಕಾಲು ಇಂಚಿನ ಫೋಲ್ಡರೇ ಬೇಕಾಯಿತು. ಓರಗಿತ್ತಿ, ಜೆರಾಕ್ಸ್, ಹಾಲಿನವನು ಎಲ್ಲರೂ ಬೀದಿಯಲ್ಲಿ ಬಗ್ಗಿ ಹುಡುಕಿದರು. ಕೊನೆಗೆ ಅದು ನಮ್ಮದೇ ಕಿಟಕಿಯ ಕೆಳಗಿನ ಹೂಕುಂಡದಲ್ಲಿ ಸಿಕ್ಕಿತು. ಮಣ್ಣು ಒರೆಸಿ ತಂದುಕೊಟ್ಟ ಓರಗಿತ್ತಿ, ಇದರ ಸೈಜಾದರೂ ನೆಟ್ಟಗೆ ಕಣ್ಣಿಗೆ ಕಾಣುತ್ತದೆ ಎಂದಳು.

ಜೆರಾಕ್ಸ್ ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿ ಹೋಗಿದ್ದಳು. ಒಂದು ಜೇಬು ಹೊಲಿದು ಮುಗಿದಾಗ ಕಂಪ್ಯೂಟರು ಪೀಂ ಎಂದು ಕೂಗುತ್ತದೆ, ಬಟ್ಟೆ ಬದಲಿಸು ಎಂದು. ಕಿವಿಯೂ ಮಂದವಾಗುತ್ತಿರುವ ಮೈದುನನಿಗೆ ಅದು ಕೇಳಿಸುತ್ತಿರಲಿಲ್ಲ. ಆ ಪೀಂ ತೆಗೆದು ಅದರ ಜಾಗದಲ್ಲಿ ನಮ್ಮ ಸ್ಯಾಂಪಲ್ ತುಂಡನ್ನು ಇಟ್ಟುಬಿಟ್ಟಳು. ಶುಕ್ರವಾರ ಮಧ್ಯಾಹ್ನ ಕೋಟು ಒಯ್ಯಲು ಬಂದ ಬ್ಯಾಂಡ್ ಮಾಸ್ತರು, ಕೊನೆಯ ಜೇಬು ಮುಗಿಯಲೆಂದು ಬೆಂಚಿನ ಮೇಲೆ ಕಾಯುತ್ತಾ ತೂಕಡಿಸುತ್ತಿದ್ದರಂತೆ. ಜೇಬು ಮುಗಿಯಿತು. ಮೂರು ಗೊರಕೆ, ಆಮೇಲೆ ‘ನಾನೇನು ನಿದ್ದೆ ಮಾಡಿರ್ಲಿಲ್ಲ’. ಬ್ಯಾಂಡ್ ಮಾಸ್ತರು ದಡಬಡಿಸಿ ಎದ್ದು, ಇಲ್ಲ ಇಲ್ಲ, ನಾನೂ ಮಾಡಿರಲಿಲ್ಲ ಎಂದರಂತೆ.

ಮೆರವಣಿಗೆಯಲ್ಲಿ ಕೋಟುಗಳು ಚೆನ್ನಾಗಿ ಕಂಡವು. ದಪ್ಪನೆಯವರ ಒಂದು ಗುಂಡಿ ಮೊದಲ ಹಾಡಿಗೇ ಹಾರಿತು, ಅದು ಬಿಟ್ಟರೆ ಏನೂ ತಪ್ಪು ಹೇಳುವಂತಿರಲಿಲ್ಲ. ಅಲ್ಲಿಂದೀಚೆಗೆ ಕೆಲಸ ನಿಂತಿಲ್ಲ. ಅಂಚೆಯವರು ಬಂದರು, ಶಾಲೆಯವರು ಸಿಂಹಕ್ಕಾಗಿ ಮತ್ತೆ ಬಂದರು. ಹೊಸ ಡಿಸ್ಕೂ ಬಂತು. ಮೈದುನ ಅಂಗಡಿಯಲ್ಲೇ ಇದ್ದಾನೆ, ಮುಚ್ಚಳಗಳು ಅವುಗಳ ಪಾಡಿಗೆ ಇವೆ, ಓರಗಿತ್ತಿ ಯಾರ ಮನೆಗೂ ಹೋಗಿಲ್ಲ.

ಮಧ್ಯಾಹ್ನ ನಾನು ಮೇಲೆ ಮಲಗಿರುತ್ತೇನೆ. ಕೆಳಗೆ ಜೇಬು ಮುಗಿದಾಗಲೆಲ್ಲ ನೆಲದ ಮೂಲಕ ಗಡಗಡ ಎಂದು ಬರುತ್ತದೆ, ಕೊನೆಗೆ ‘ಕಣ್ಣು ಮುಚ್ಚಿದ್ದೆ ಅಷ್ಟೆ’ ಎಂದೂ ಬರುತ್ತದೆ. ಗೊತ್ತು ಗೊತ್ತು, ಮಲಗಿ ಎಂದು ಹೇಳಿ ನಾನೂ ಮಗ್ಗುಲು ತಿರುಗುತ್ತೇನೆ. ಮೈದುನನಿಗೆ ಅದೂ ಕೇಳಿಸದೆ ಹೋದ ದಿನ ಕೋಲಿನಿಂದ ನೆಲ ಕುಟ್ಟುತ್ತೇನೆ.

ಆ ಪುಕ್ಕಟೆ ಸಾಮಾನನ್ನು ಅವನು ಇನ್ನೂ ತೆಗೆದಿಲ್ಲ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಎಲ್ಲ ಫೋಲ್ಡರಿನ ಅಳತೆ ನೋಡುತ್ತಾನೆ. ಸ್ಯಾಂಪಲ್ ತುಂಡಿಗೂ ಒಂದು ಬೇರೆ ಫೋಲ್ಡರು ಮಾಡಿದ್ದಾನೆ, ಅದಕ್ಕೆ ಅಣ್ಣ ಎಂದು ಹೆಸರಿಟ್ಟಿದ್ದಾನೆ. ನಾನು ಮೆಟ್ಟಿಲ ತುದಿಯಲ್ಲಿ ಕಾಫಿ ಕುಡಿಯುತ್ತಾ ಕೂತಿರುವಾಗ ಕೆಳಗಿನಿಂದ ಕೂಗಿ ಹೇಳುತ್ತಾನೆ, “ಅತ್ತಿಗೆ, ಅಣ್ಣ ಇವತ್ತೂ ಅಷ್ಟೇ ಇದ್ದಾನೆ. ಒಂದು ಚೂರೂ ಇಳಿದಿಲ್ಲ.”

“ಇಳಿಯೋದು ಹೇಗಪ್ಪ” ಎನ್ನುತ್ತೇನೆ ನಾನು. “ಒಂದು ಹೊತ್ತಾದ್ರೂ ಊಟ ಬಿಟ್ಟವರಾ ಅವರು?”